ಹೊಳೆಯಾಚೆಯ ಸ್ವಾತಂತ್ರ್ಯ

ಆನೆಗೊಂದಿಯ ಹೊಳೆದಂಡೆಯಲ್ಲಿ ನಿಂತರೆ ಎದುರಿಗೆ ಹಂಪಿ ಕಡೆಯ ಬಂಡೆಗಳು ಕಾಣುತ್ತವೆ. ಗಾಳಿ ಇತ್ತ ಬೀಸಿದರೆ ಆಚೆ ದಡದಲ್ಲಿ ಬಟ್ಟೆ ಒಗೆಯುವವರ ಮಾತು ಅರೆಬರೆ ಕೇಳಿಸುವುದೂ ಉಂಟು. ಹರಗೋಲಿನಲ್ಲಿ ಕೂತರೆ ಕೆಲವೇ ನಿಮಿಷದ ದಾರಿ. ಆದರೆ 1947ರ ಆಗಸ್ಟ್ 15ರ ಬೆಳಿಗ್ಗೆ ಈ ಹೊಳೆಯ ಎರಡು ದಂಡೆಗಳು ಎರಡು ಬೇರೆ ಕಾಲದಲ್ಲಿದ್ದವು. ಆಚೆ ದಡ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಅಲ್ಲಿ ಸ್ವಾತಂತ್ರ್ಯ ಬಂದಿತ್ತು. ಈಚೆ ದಡ ನಿಜಾಮನ ಹೈದರಾಬಾದ್ ಸಂಸ್ಥಾನ. ಇಲ್ಲಿ ತ್ರಿವರ್ಣ ಧ್ವಜ ಏರಿಸುವುದು ಅಪರಾಧ. ಸ್ವಾತಂತ್ರ್ಯ ಈ ಹೊಳೆ ದಾಟಿ ಬರುವ ಹೊತ್ತಿಗೆ 1948ರ ಸೆಪ್ಟೆಂಬರ್ 17 ಆಗಿತ್ತು. ಲೆಕ್ಕ ಹಾಕಿದರೆ 399 ದಿನ.

ನಾನು ಯಲಬುರ್ಗಾ ತಾಲ್ಲೂಕಿನವನು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ತಾಲ್ಲೂಕುಗಳ ರಾಜಕೀಯ ಇತಿಹಾಸ ನನ್ನ ಪಿಎಚ್.ಡಿ. ವಿಷಯ. ನಾಲ್ಕು ವರ್ಷದ ಹಿಂದೆ ಸಂಶೋಧನೆಯ ಸಾರಲೇಖ ಬರೆಯುವಾಗ ನನ್ನ ತಲೆಯಲ್ಲಿ ಒಂದು ಸರಳ ಚಿತ್ರವಿತ್ತು. ಮೊದಲು ಭರವಸೆ, ಆಮೇಲೆ ನಿರಾಶೆ. 1948ರಲ್ಲಿ ಜನ ಕನಸು ಕಂಡರು, ದೇಶ ಆ ಕನಸನ್ನು ಮರೆತಿತು, ಈಗ ಜನರೂ ಮರೆತಿದ್ದಾರೆ. ಅಧ್ಯಾಯಗಳನ್ನೂ ಹಾಗೇ ಜೋಡಿಸಿದ್ದೆ. ಹಳೆಯ ಪತ್ರಿಕೆ ಓದುತ್ತ, ಊರೂರು ತಿರುಗುತ್ತ ಹೋದಂತೆ ಆ ಜೋಡಣೆ ಕೆಟ್ಟಿತು. ಹೇಗೆ ಕೆಟ್ಟಿತು ಎಂಬುದನ್ನು ಹೇಳಲು ಈ ಬರಹ.

ಮೊದಲು ಕೆಡಿಸಿದವರು ನಮ್ಮ ಅಜ್ಜ. 1948ರಲ್ಲಿ ಅವರಿಗೆ ಹತ್ತು ವರ್ಷ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತ, ತರಬೇತಿ ಪಡೆದ ಸಂಶೋಧಕನ ಗಾಂಭೀರ್ಯದಲ್ಲಿ ಕೇಳಿದೆ: "ಸ್ವಾತಂತ್ರ್ಯ ಬಂದಾಗ ಊರಾಗ ಹೆಂಗಿತ್ತಜ್ಜಾ?"

ಅಜ್ಜ ಎಲೆ ಅಡಿಕೆ ಒಂದು ಕಡೆ ಸರಿಸಿ ಕೇಳಿದರು: "ಯಾವ ಸ್ವಾತಂತ್ರ್ಯ ಕೇಳಾಕತ್ತಿ ತಮ್ಮಾ? ಗದಗಿನ ಕಡೀದೋ, ನಮ್ಮದೋ?"

ಶಾಲೆಯಲ್ಲಿ ಓದಿದ ಭಾರತದ ಇತಿಹಾಸದಲ್ಲಿ ಸ್ವಾತಂತ್ರ್ಯ ಒಂದೇ. ನಮ್ಮ ಮನೆಯ ಕಟ್ಟೆಯ ಮೇಲೆ ಅದು ಎರಡು.

*

ನಾಲ್ಕು ತಾಲ್ಲೂಕುಗಳ ಅಂದಿನ ನಕ್ಷೆಯನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಪಶ್ಚಿಮಕ್ಕೆ ಮುಂಡರಗಿ, ಗದಗ, ಗಜೇಂದ್ರಗಡ. ಇವೆಲ್ಲ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ದಕ್ಷಿಣಕ್ಕೆ ತುಂಗಭದ್ರೆ, ಅದರಾಚೆ ಹೊಸಪೇಟೆ, ಕಂಪ್ಲಿ; ಇವು ಮದ್ರಾಸ್ ಪ್ರಾಂತ್ಯ. ನಡುವೆ ಸಿಕ್ಕವರು ನಾವು. ಮಗಳನ್ನು ಕೊಟ್ಟ ಊರು ಒಂದು ಸರ್ಕಾರದ್ದು, ಸೊಸೆ ತಂದ ಊರು ಇನ್ನೊಂದು ಸರ್ಕಾರದ್ದು. ಸಂತೆಗೆ ಹೋಗಿಬರುವಾಗ ಕರೋಡಗಿರಿ ನಾಕಾದಲ್ಲಿ ಗಂಟು ಬಿಚ್ಚಿ ತೋರಿಸಬೇಕು.

ಕೊಪ್ಪಳ ಮತ್ತು ಯಲಬುರ್ಗಾ ನೇರವಾಗಿ ನಿಜಾಮನ ಕೈಯಲ್ಲೂ ಇರಲಿಲ್ಲ. ಅವು ಸಾಲಾರ್ ಜಂಗ್ ಮನೆತನದ ಜಹಗೀರು. ಆ ಮನೆತನದ ಕೊನೆಯ ನವಾಬ ಮೂರನೆಯ ಸಾಲಾರ್ ಜಂಗ್ ತೀರಿಕೊಂಡದ್ದು 1949ರಲ್ಲಿ. ಅವರು ಕೂಡಿಟ್ಟ ವಸ್ತುಗಳು 1951ರಿಂದ ಹೈದರಾಬಾದಿನಲ್ಲಿ ಮ್ಯೂಸಿಯಂ ಆಗಿವೆ. ಕಳೆದ ವರ್ಷ ನೋಡಲು ಹೋಗಿದ್ದೆ. ಮುಸುಕು ಹೊದ್ದ ರೆಬೆಕಾಳ ಅಮೃತಶಿಲೆಯ ವಿಗ್ರಹದ ಮುಂದೆ ಜನ ಮುಗಿಬಿದ್ದು ಫೋಟೊ ತೆಗೆಯುತ್ತಿದ್ದರು. ಕಲ್ಲಿನಲ್ಲಿ ಅಷ್ಟು ತೆಳುವಾದ ಬಟ್ಟೆ ಕೆತ್ತಬಹುದೆಂದು ನಾನು ಊಹಿಸಿರಲಿಲ್ಲ. ಬೆರಗು ಇಳಿದ ಮೇಲೆ ಇನ್ನೊಂದು ಯೋಚನೆ ಬಂತು. ಈ ಮನೆತನದ ಆದಾಯದಲ್ಲಿ ನಮ್ಮ ಎರೆಹೊಲಗಳ ಕಂದಾಯವೂ ಸೇರಿತ್ತಲ್ಲ. ನಮ್ಮ ಮುತ್ತಜ್ಜಂದಿರು ಕಟ್ಟಿದ್ದರ ರಸೀದಿಯಂತೆ ಆ ಗಾಜಿನ ಕಪಾಟುಗಳು ಕಂಡವು.

ಭಾಷೆಯ ಕತೆ ಇನ್ನೂ ವಿಚಿತ್ರ. ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆಗೆ ಕೊಪಣದ ಹೆಸರು ಹೇಳುತ್ತದೆ. ಆ ಕೊಪಣವೇ ಇಂದಿನ ಕೊಪ್ಪಳ. ಆದರೆ ಈ ತಿರುಳ್ಗನ್ನಡದ ನೆಲದಲ್ಲಿ ಸರ್ಕಾರಗಳು ಜನರ ಜೊತೆ ಜನರ ಮಾತಿನಲ್ಲಿ ಮಾತಾಡಿದ್ದಕ್ಕಿಂತ ಬೇರೆ ಮಾತಿನಲ್ಲಿ ಮಾತಾಡಿದ ಉದಾಹರಣೆಗಳು ಬಹಳ. ಗವಿಮಠದ ಗುಡ್ಡದಲ್ಲೂ ಪಾಲ್ಕಿಗುಂಡಿನಲ್ಲೂ ಇರುವ ಅಶೋಕನ ಶಾಸನಗಳು ಪ್ರಾಕೃತದಲ್ಲಿವೆ. ನಿಜಾಮನ ಆಡಳಿತ ಮೊದಲು ಪಾರ್ಸಿಯಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಉರ್ದುವಿನಲ್ಲಿ ನಡೆಯಿತು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವಿನಲ್ಲೇ ಉನ್ನತ ಶಿಕ್ಷಣ ಕೊಟ್ಟಿತು. ಭಾರತೀಯ ಭಾಷೆಯೊಂದರಲ್ಲಿ ವಿಜ್ಞಾನ, ವೈದ್ಯ ಕಲಿಸಿದ ಆ ಸಾಹಸ ದೊಡ್ಡದೇ. ಆದರೆ ಕನ್ನಡ ಬಿಟ್ಟು ಬೇರೆ ಮಾತು ತಿಳಿಯದ ಕುಷ್ಟಗಿಯ ರೈತನಿಗೆ ತನ್ನ ಹೊಲದ ಕಾಗದ ಓದಲು ಇನ್ನೊಬ್ಬರು ಬೇಕಾಗಿತ್ತು.

ಇವತ್ತಿಗೂ ನಮ್ಮ ಮನೆಯಲ್ಲಿ ಸರ್ಕಾರದ ಸುದ್ದಿ ಬಂದರೆ ಮಾತು ತಾನಾಗಿ ಆ ಕಡೆ ಹೊರಳುತ್ತದೆ. ಅರ್ಜಿ, ಹುಕುಂ, ರಸೀದಿ, ವಸೂಲಿ, ತಕರಾರು. ಇವು ಈಗ ನಮ್ಮವೇ ಮಾತುಗಳು, ಅವುಗಳ ಮೇಲೆ ನನಗೆ ಸಿಟ್ಟಿಲ್ಲ. ಪಟ್ಟಿಯನ್ನು ಗಮನಿಸಿದರೆ ಒಂದು ಸಂಗತಿ ಮಾತ್ರ ಹೊಳೆಯುತ್ತದೆ: ಎಲ್ಲವೂ ಕೇಳುವ, ಕೊಡುವ, ಕಾಯುವ ಮಾತುಗಳು.

ಕೇಳುವುದಷ್ಟೇ ಅಲ್ಲ, ಎದುರು ನಿಂತದ್ದೂ ಇದೆ. 1858ರಲ್ಲಿ ಮುಂಡರಗಿ ಭೀಮರಾಯ ಮತ್ತು ಹಮ್ಮಿಗಿ ಕೆಂಚನಗೌಡ ಬ್ರಿಟಿಷರ ವಿರುದ್ಧ ಬಂಡೆದ್ದು ಬಂದು ಸೇರಿಕೊಂಡದ್ದು ಕೊಪ್ಪಳದ ಕೋಟೆಯನ್ನೇ. ಜೂನ್ 1ರಂದು ಕೋಟೆ ಬಿತ್ತು, ಇಬ್ಬರೂ ಸತ್ತರು. ಗಡಿಯಾಚೆಯಿಂದ ಈಚೆಗೆ ಬಂದು ಹೋರಾಡಿದವರು ಅವರು. ತೊಂಬತ್ತು ವರ್ಷದ ನಂತರ ಅದೇ ದಾರಿಯಲ್ಲಿ ಜನ ಈಚೆಯಿಂದ ಆಚೆಗೆ ಹೋದರು.

*

ಆ 399 ದಿನಗಳಲ್ಲಿ ನಡೆದದ್ದು ಏನು?

1938ರಲ್ಲಿ ರೂಪುಗೊಂಡ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ನಿಜಾಮನ ಸರ್ಕಾರ ಕೂಡಲೇ ನಿಷೇಧಿಸಿತ್ತು. ನಿಷೇಧ ತೆರವಾಗಿ ವರ್ಷ ಕಳೆಯುವಷ್ಟರಲ್ಲಿ, 1947ರ ಆಗಸ್ಟ್‌ನಲ್ಲಿ, ಸ್ವಾಮಿ ರಮಾನಂದ ತೀರ್ಥರ ನೇತೃತ್ವದಲ್ಲಿ ಭಾರತಕ್ಕೆ ಸೇರುವ ಚಳವಳಿ ಆರಂಭವಾಯಿತು. ನಿಜಾಮ ಸೇರಲು ಒಪ್ಪಲಿಲ್ಲ. ನವೆಂಬರ್ 29ರಂದು ಭಾರತ ಸರ್ಕಾರದ ಜೊತೆ ಯಥಾಸ್ಥಿತಿ ಒಪ್ಪಂದ ಮಾಡಿಕೊಂಡ. ದಿಲ್ಲಿಯಲ್ಲಿ ಅದು ಒಂದು ಕಾಗದ. ನಮ್ಮ ಹಳ್ಳಿಗಳಲ್ಲಿ ಅದರ ಅರ್ಥ, ಕಾಸಿಂ ರಜ್ವಿಯ ರಜಾಕಾರರ ಕೈಗೆ ಇನ್ನಷ್ಟು ಸಮಯ ಸಿಕ್ಕಿತು ಎಂದು. ಊರು ಬಿಟ್ಟವರು ಗಡಿ ದಾಟಿದರು. ಗಡಿಗುಂಟ ಶಿಬಿರಗಳು ಎದ್ದವು. ಮುಂಡರಗಿಯ ಶಿಬಿರಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿಗಳು ನಾಯಕರು. ಗಜೇಂದ್ರಗಡದ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆ. ರಾತ್ರಿ ಗಡಿ ದಾಟಿ ಬಂದು ಕರೋಡಗಿರಿ ನಾಕಾ, ಪೊಲೀಸ್ ಠಾಣೆಗಳ ಮೇಲೆ ಬಿದ್ದು, ಬೆಳಗಾಗುವುದರೊಳಗೆ ತಿರುಗಿ ಹೋಗುವುದು ಅವರ ರೀತಿ. ಶಿಬಿರಗಳ ಬಲ ಹೆಚ್ಚಿದಂತೆ ಗಡಿಯಂಚಿನ ಹಳ್ಳಿಗಳಲ್ಲಿ ನಿಜಾಮನ ಆಡಳಿತ ಹೆಸರಿಗಷ್ಟೇ ಉಳಿಯಿತು.

ಇದನ್ನೆಲ್ಲ ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸಣ್ಣ ಸಂಗತಿ. ಈ ಜನ ಹೋರಾಡಿದ್ದು ಹೊಸ ದೇಶವೊಂದನ್ನು ಕಟ್ಟಲು ಅಲ್ಲ, ಆಗಲೇ ಇದ್ದ ದೇಶದೊಳಕ್ಕೆ ಹೋಗಲು. ಹೊಳೆಯಾಚೆ ಅದು ಕಣ್ಣಿಗೆ ಕಾಣುತ್ತಿತ್ತು. ಆದ್ದರಿಂದ ಅವರ ಕಲ್ಪನೆಯ ಭಾರತ ಬಹಳ ನಿರ್ದಿಷ್ಟವಾಗಿತ್ತು. ಅಲ್ಲಿ ನಾಕಾ ಇಲ್ಲ, ಜಹಗೀರದಾರ ಇಲ್ಲ, ಕನ್ನಡದ ಶಾಲೆ ಇದೆ. ಅಜ್ಜನನ್ನು ಕೇಳಿದರೆ ಹೇಳುವುದೂ ಅಷ್ಟೇ: "ನಮ್ಮಪ್ಪ ಅಂತಿದ್ದ, ಆ ಕಡೆ ಸೇರಿದ್ರ ಕಾಗದ ನಾವೇ ಓದಬೌದು ಅಂತ."

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಬಂತು, 17ರಂದು ನಿಜಾಮ ಶರಣಾದ. ಇಲ್ಲಿಗೆ ನಿಲ್ಲಿಸಿದರೆ ಕತೆ ಸುಖಾಂತ್ಯ. ಆದರೆ ಅದೇ ವರ್ಷದ ಕೊನೆಗೆ ನೆಹರೂ ಅವರು ಪಂಡಿತ ಸುಂದರಲಾಲ್ ಅವರ ನೇತೃತ್ವದಲ್ಲಿ ಒಂದು ಸಮಿತಿಯನ್ನು ಹೈದರಾಬಾದಿಗೆ ಕಳಿಸಬೇಕಾಯಿತು. ಸೇನೆ ಬಂದ ಮೇಲಿನ ದಿನಗಳಲ್ಲಿ ಸಂಸ್ಥಾನದಾದ್ಯಂತ 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದು ಎಂದು ಆ ಸಮಿತಿ ಅಂದಾಜಿಸಿತು. ಸತ್ತವರಲ್ಲಿ ಹೆಚ್ಚಿನವರು ಮುಸ್ಲಿಮರು. ರಜಾಕಾರರ ಕೃತ್ಯಗಳಿಗೆ ಸಂಬಂಧವೇ ಇಲ್ಲದವರು ಅನೇಕರು. ವರದಿ ದಶಕಗಳ ಕಾಲ ಹೊರಗೆ ಬರಲಿಲ್ಲ. ರಜಾಕಾರರ ಹಾವಳಿಯನ್ನು ಗಂಟೆಗಟ್ಟಲೆ ಹೇಳುವ ಅಜ್ಜ, ಅದರ ಮುಂದಿನ ತಿಂಗಳಿಗೆ ಬಂದಾಗ ನಿಲ್ಲುತ್ತಾರೆ. "ಅದು ಬ್ಯಾಡ ಬಿಡು" ಎನ್ನುತ್ತಾರೆ. ನನ್ನ ರೆಕಾರ್ಡಿಂಗಿನಲ್ಲಿ ಆ ಜಾಗದಲ್ಲಿ ಹೊರಗೆ ಎಮ್ಮೆ ಕೂಗುವ ಸದ್ದು ಮಾತ್ರ ಇದೆ. ವಿಮೋಚನೆಯ ಇತಿಹಾಸ ಬರೆಯುವವನು ಆ ಮೌನವನ್ನೂ ಅಧ್ಯಾಯದೊಳಗೆ ಸೇರಿಸಬೇಕು ಎಂದು ನಾನು ನಂಬಿದ್ದೇನೆ.

*

ನನ್ನ ಇಳಿಜಾರಿನ ಚಿತ್ರ ಪೂರ್ತಿ ಮುರಿದದ್ದು 1952ಕ್ಕೆ ಬಂದಾಗ.

ದೇಶದ ಮೊದಲ ಮಹಾಚುನಾವಣೆ ಅದು. ಲೋಕಸಭೆಯ 489 ಸ್ಥಾನಗಳಲ್ಲಿ 364 ಕಾಂಗ್ರೆಸ್ಸಿಗೆ ಹೋದವು. ಸ್ವಾತಂತ್ರ್ಯ ತಂದ ಪಕ್ಷಕ್ಕೆ ದೇಶ ಕೃತಜ್ಞತೆಯ ಮತ ಹಾಕಿತು ಎಂದು ನಾವು ಓದಿದ್ದೇವೆ. ನಮ್ಮ ಕಡೆಯ ಲೋಕಸಭಾ ಕ್ಷೇತ್ರದ ಹೆಸರು ಆಗ ಕುಷ್ಟಗಿ. ಅಲ್ಲಿಂದ ಗೆದ್ದವರು ಶಿವಮೂರ್ತಿಸ್ವಾಮಿ, ಪಕ್ಷೇತರರಾಗಿ. ನಾಲ್ಕು ವರ್ಷದ ಹಿಂದೆ ಮುಂಡರಗಿ ಶಿಬಿರದಲ್ಲಿ ಕೂತು ಭಾರತಕ್ಕೆ ಸೇರಲು ಜೀವ ಪಣಕ್ಕಿಟ್ಟ ಅದೇ ಸ್ವಾಮಿಗಳು. ಭಾರತಕ್ಕೆ ಸೇರಿದ್ದಾಯಿತು, ಈಗ ಭಾರತವನ್ನು ಆಳುವವರ ಎದುರು ಬೆಂಚಿನಲ್ಲಿ ಕೂರಲು ಜನ ಅವರನ್ನು ದಿಲ್ಲಿಗೆ ಕಳಿಸಿದರು. 1957ರಲ್ಲಿ ಕ್ಷೇತ್ರದ ಹೆಸರು ಕೊಪ್ಪಳವಾಯಿತು, ಕಾಂಗ್ರೆಸ್ಸಿನ ಅಗಡಿ ಸಂಗಣ್ಣ ಗೆದ್ದರು. 1962ರಲ್ಲಿ ಸ್ವಾಮಿಗಳು ಲೋಕಸೇವಕ ಸಂಘದಿಂದ ನಿಂತು ತಿರುಗಿ ಗೆದ್ದರು. 1967ರಲ್ಲಿ ಮತ್ತೆ ಸಂಗಣ್ಣನವರ ಸರದಿ. ಜನ ಒಬ್ಬರನ್ನು ಕರೆಯುತ್ತಾರೆ, ಇಳಿಸುತ್ತಾರೆ, ಮತ್ತೆ ಕರೆಯುತ್ತಾರೆ.

ಹಾಗಾದರೆ ನನ್ನ ಮೊದಲ ಅಧ್ಯಾಯ 'ಭರವಸೆ', ಎರಡನೆಯದು 'ನಿರಾಶೆ' ಎಂದು ಹೇಗೆ ಹೆಸರಿಡಲಿ? ಎರಡೂ ಒಂದೇ ಮನುಷ್ಯನ ಒಂದೇ ಜೋಳಿಗೆಯಲ್ಲಿದ್ದವು. ದೇಶದ ಮೇಲೆ ಸಿಟ್ಟು ಮಾಡಿಕೊಳ್ಳಲು ದೇಶ ನಮ್ಮದು ಎನ್ನುವ ಹಕ್ಕು ಮೊದಲು ಬೇಕು. 1948ರಲ್ಲಿ ಗಳಿಸಿದ್ದು ಆ ಹಕ್ಕು. 1952ರಲ್ಲಿ ಅದನ್ನು ಬಳಸಿದರು.

ಇನ್ನೊಂದು ಕೇಳಿಕೆ ಬಾಕಿ ಇತ್ತು, ಕಾಗದವನ್ನು ತಾವೇ ಓದುವುದು. ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ವರದಿ ಕೊಟ್ಟು, 1956ರ ನವೆಂಬರ್ 1ರಂದು ರಾಯಚೂರು, ಕಲಬುರಗಿ, ಬೀದರ್ ಕಡೆಯ ಕನ್ನಡ ನೆಲ ಮೈಸೂರು ರಾಜ್ಯಕ್ಕೆ ಸೇರಿತು. ಗದಗ, ಧಾರವಾಡ, ಬಳ್ಳಾರಿ, ಕೊಪ್ಪಳ ಒಂದೇ ರಾಜ್ಯದೊಳಗೆ ಬಂದವು. ಮುತ್ತಜ್ಜ ಅದನ್ನು ನೋಡಿ ಸತ್ತರಂತೆ. ಆದರೆ ಹೊಸ ರಾಜ್ಯದ ಕಚೇರಿಗಳಲ್ಲಿ ಇಂಗ್ಲಿಷ್ ಬಹಳ ಕಾಲ ಕೂತಿತ್ತು. ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಒಂದು ಉರ್ದು ಕಾಗದವೂ ಒಂದು ಇಂಗ್ಲಿಷ್ ಕಾಗದವೂ ಒಂದರ ಮೇಲೊಂದು ಮಡಚಿ ಇವೆ. ಎರಡನ್ನೂ ಮನೆಯಲ್ಲಿ ಮೊದಲು ಓದಿದವನು ನಾನು, ಉರ್ದುವನ್ನು ಸಂಶೋಧನೆಗಾಗಿ ಕಲಿತ ಮೇಲೆ.

*

ಈಗ ನೀರಿನ ಮಾತು. ನಮ್ಮ ಜಿಲ್ಲೆಯ ರಾಜಕಾರಣವನ್ನು ನೀರು ಬಿಟ್ಟು ಮಾತಾಡಲಾಗದು.

ತುಂಗಭದ್ರಾ ಅಣೆಕಟ್ಟಿಗೆ 1945ರ ಫೆಬ್ರುವರಿಯಲ್ಲಿ ಶಂಕುಸ್ಥಾಪನೆ ಆದಾಗ ಒಂದು ದಡದಲ್ಲಿ ನಿಜಾಮನ ಮಗ, ಇನ್ನೊಂದು ದಡದಲ್ಲಿ ಮದ್ರಾಸಿನ ಗವರ್ನರ್ ಕಲ್ಲಿಟ್ಟರು. ಎರಡು ಸರ್ಕಾರ ಸೇರಿ ಶುರು ಮಾಡಿದ್ದನ್ನು ಮುಗಿಸುವ ಹೊತ್ತಿಗೆ, 1953ರಲ್ಲಿ, ಆ ಎರಡೂ ಸರ್ಕಾರಗಳು ಇರಲಿಲ್ಲ. ನೂರಾರು ವರ್ಷ ಬಾಳಿದ ಹತ್ತಾರು ಊರುಗಳು ಹಿನ್ನೀರಿನಲ್ಲಿ ಮುಳುಗಿದವು. ಮುನಿರಾಬಾದಿನಿಂದ ಹೊರಟ ಎಡದಂಡೆ ಕಾಲುವೆ ಗಂಗಾವತಿಯ ಕಡೆ ಹರಿದು, ಆ ತಾಲ್ಲೂಕು ಭತ್ತದ ಕಣಜವಾಯಿತು. ಅಕ್ಕಿ ಗಿರಣಿಗಳು ಎದ್ದವು. ಆಂಧ್ರದ ಕಡೆಯಿಂದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು. ಅದೇ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಮಳೆ ನೋಡುತ್ತ ಕೂತವು. ನಮ್ಮೂರಿನ ಹುಡುಗರು ಮಂಗಳೂರು, ಗೋವಾ, ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಗಂಗಾವತಿಗೆ ನಾಟಿ ಮಾಡಲು ಹೋದ ಹೆಂಗಸರನ್ನು ನಾನೇ ಬಲ್ಲೆ.

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿ, ಅವನ್ನು ಮೂರು ಮೆಟ್ಟಿಲುಗಳಲ್ಲಿ ವಿಂಗಡಿಸಿತು: ಹಿಂದುಳಿದ, ಅತಿ ಹಿಂದುಳಿದ, ಅತ್ಯಂತ ಹಿಂದುಳಿದ. ಗಂಗಾವತಿ ಮೊದಲ ಮೆಟ್ಟಿಲಿನಲ್ಲಿ, ಕೊಪ್ಪಳ ಎರಡನೆಯದರಲ್ಲಿ, ಕುಷ್ಟಗಿ ಮತ್ತು ಯಲಬುರ್ಗಾ ಕೊನೆಯದರಲ್ಲಿ. ಅರ್ಥಶಾಸ್ತ್ರಜ್ಞರು ಹತ್ತಾರು ಸೂಚ್ಯಂಕ ಹಾಕಿ ತೆಗೆದ ಈ ಫಲಿತಾಂಶವನ್ನು ಅಜ್ಜ ಕಾಲುವೆಯ ನಕ್ಷೆ ನೋಡಿಯೇ ಹೇಳುತ್ತಿದ್ದರು. ಕುಷ್ಟಗಿ, ಯಲಬುರ್ಗಾದವರ ಬಾಯಲ್ಲಿ ಈಗಲೂ ಇರುವ ಮಾತು 'ಕೃಷ್ಣಾ ಬಿ ಸ್ಕೀಂ'. ಎರಡನೆಯ ಕೃಷ್ಣಾ ನ್ಯಾಯಮಂಡಳಿ ತನ್ನ ತೀರ್ಪನ್ನು 2010ರ ಡಿಸೆಂಬರ್ 30ರಂದು ಹೇಳಿತು. ಆಮೇಲೆ ನಡೆದದ್ದು ನ್ಯಾಯಾಲಯ, ಅಧಿಸೂಚನೆ, ಪಾದಯಾತ್ರೆಗಳ ದೀರ್ಘ ಕತೆ. ಪ್ರತಿ ಚುನಾವಣೆಯಲ್ಲೂ ಕೃಷ್ಣೆ ನಮ್ಮ ಊರಿಗೆ ಮೈಕಿನಲ್ಲಿ ಬರುತ್ತಾಳೆ.

ನೀರು ಬಂದವರಿಗಾದರೂ ನೆಮ್ಮದಿ ಇದೆಯೇ? 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋಯಿತು. ಹೂಳು ತುಂಬಿ ಮೊದಲೇ ಕುಗ್ಗಿದ್ದ ಜಲಾಶಯ ಕಣ್ಣೆದುರೇ ಖಾಲಿಯಾಗತೊಡಗಿತು. ಒಂದು ವಾರದೊಳಗೆ, ಹರಿವ ನೀರಿನಲ್ಲೇ, ಕಾರ್ಮಿಕರು ಮತ್ತು ತಜ್ಞರು ತಾತ್ಕಾಲಿಕ ತಡೆಯನ್ನು ಇಳಿಸಿ ನಿಲ್ಲಿಸಿದರು. ಆ ವಾರ ನಾನು ಕಲಿತದ್ದು ಇಷ್ಟು: ಒಂದು ಚೈನನ್ನು ಸಮಯಕ್ಕೆ ಬದಲಿಸದ ವ್ಯವಸ್ಥೆಯೂ, ನೀರಿನ ಮೇಲೆ ಜೀವ ತೂಗುಹಾಕಿ ಕೆಲಸ ಮಾಡಿದ ಜನರೂ ಒಂದೇ ದೇಶದವರು. ಯಾವುದನ್ನು ಕಂಡು ದೇಶದ ಬಗ್ಗೆ ತೀರ್ಮಾನಕ್ಕೆ ಬರುವುದು?

*

ಇಲ್ಲಿಯವರೆಗೆ 'ನಾವು', 'ಅವರು' ಎಂದು ಬರೆದುಕೊಂಡು ಬಂದೆ. ದಿಲ್ಲಿ, ಬೆಂಗಳೂರು ಕೊಡಲಿಲ್ಲ, ನಮಗೆ ಸಿಗಲಿಲ್ಲ ಎಂದು. ಈ 'ನಾವು' ಎಷ್ಟು ದೊಡ್ಡದು ಎಂಬ ಪ್ರಶ್ನೆ ಬಂದಾಗ ನನ್ನ ಲೇಖನಿ ತಡವರಿಸುತ್ತದೆ.

2021ರ ಸೆಪ್ಟೆಂಬರಿನಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ಎರಡು ವರ್ಷದ ದಲಿತ ಮಗುವೊಂದು ಗುಡಿಯೊಳಗೆ ಓಡಿತೆಂದು ಮಗುವಿನ ಮನೆಯವರಿಗೆ 25 ಸಾವಿರ ರೂಪಾಯಿ ದಂಡ ಹಾಕಲು ಹೊರಟ ಸುದ್ದಿ ದೇಶವೆಲ್ಲ ಓದಿತು. ಹೊರಗೆ ಮಳೆ ಬರುತ್ತಿತ್ತು, ಮಗು ಒಳಗೆ ಹೋಯಿತು, ಅಷ್ಟೇ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿದ್ದಿತ್ತು. ಕೊಪ್ಪಳದ ನ್ಯಾಯಾಲಯ 2024ರ ಅಕ್ಟೋಬರ್ 24ರಂದು 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆಮೇಲೆ ಪ್ರಕರಣ ಹೈಕೋರ್ಟಿಗೆ ಹೋಯಿತು; ಶಿಕ್ಷೆಗೊಳಗಾದವರಲ್ಲಿ ಹೆಚ್ಚಿನವರಿಗೆ ಜಾಮೀನು ಸಿಕ್ಕಿತು. ಆದರೂ ಹತ್ತು ವರ್ಷ ಸಾಕ್ಷಿ ಕಟ್ಟೆಗೆ ಹತ್ತಿ ಇಳಿದವರನ್ನು ನೆನೆಯಿರಿ. ಅವರ ಪಾಲಿಗೆ ಹೊಳೆ ಹರಿಯುವುದು ಆನೆಗೊಂದಿಯಲ್ಲಲ್ಲ, ಊರಿಗೂ ಕೇರಿಗೂ ನಡುವೆ. ಅದರ ಆಚೆ ದಡದ ಸ್ವಾತಂತ್ರ್ಯಕ್ಕೆ 399 ದಿನದ ಲೆಕ್ಕ ಸಾಲದು. ಸಂವಿಧಾನವನ್ನು ನಂಬಿ ಹತ್ತು ವರ್ಷ ಕೋರ್ಟಿಗೆ ಅಲೆದವರಿಗಿಂತ ದೊಡ್ಡ ಭರವಸೆ ಈ ನಾಲ್ಕು ತಾಲ್ಲೂಕಿನಲ್ಲಿ ನನಗೆ ಕಂಡಿಲ್ಲ.

*

ನನ್ನ ತಲೆಮಾರಿನ ಭರವಸೆಗೆ ಒಂದು ಸಂಖ್ಯೆ ಇದೆ: 371(ಜೆ). ವೈಜನಾಥ ಪಾಟೀಲರಂಥವರು ದಶಕಗಳ ಕಾಲ ಕೇಳಿದ ಮೇಲೆ, 2012ರಲ್ಲಿ ಸಂಸತ್ತು ಸಂವಿಧಾನಕ್ಕೆ 98ನೆಯ ತಿದ್ದುಪಡಿಯನ್ನು ಒಪ್ಪಿತು. ನಮ್ಮ ಭಾಗದ ವಿದ್ಯಾಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟು ನಮ್ಮವರಿಗೆ ಬಂದವು. ಉದ್ಯೋಗದಲ್ಲೂ ಪಾಲು ಬಂತು. ನಮ್ಮ ಕಡೆಯ ಬಡವರ ಮಕ್ಕಳು ಡಾಕ್ಟರಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಜೊತೆಗೆ, ಗ್ರಂಥಾಲಯದಲ್ಲಿ ಬೆಳಿಗ್ಗೆ ಆರಕ್ಕೆ ಜಾಗ ಹಿಡಿದು ಕೂರುವ, ಅಧಿಸೂಚನೆಗೆ ಕಾಯುವ, ಅದು ಬಂದರೆ ಪರೀಕ್ಷೆಗೆ ಕಾಯುವ, ಪರೀಕ್ಷೆ ಮುಗಿದರೆ ಕೋರ್ಟಿಗೆ ಕಾಯುವ ಗೆಳೆಯರನ್ನೂ ಕಂಡಿದ್ದೇನೆ. ಪಾಲು ಸಿಕ್ಕಿದೆ, ಹಂಚಲು ಹುದ್ದೆಗಳಿಲ್ಲ. ಅವರಲ್ಲೊಬ್ಬ ಚಹಾ ಕುಡಿಯುವಾಗ ನನ್ನನ್ನು ಕೇಳಿದ: "ನೀ ದೇಶದ ಬಗ್ಗೆ ಬರಿಯಾಕತ್ತಿ. ನೀ ಇಲ್ಲಿ ಅದೀ ಅಂತ ದೇಶಕ್ಕ ಗೊತ್ತೈತೇನಲೇ?" ನಾವಿಬ್ಬರೂ ನಕ್ಕೆವು. ಫೆಲೋಶಿಪ್ ಮುಗಿದ ನನಗೂ ಆ ಪ್ರಶ್ನೆಗೆ ಉತ್ತರ ಇರಲಿಲ್ಲ. ಮನೆಗೆ ಹೋಗಿ ನಾನೂ ಒಂದು ಗುಮಾಸ್ತನ ಹುದ್ದೆಗೆ ಅರ್ಜಿ ತುಂಬಿದೆ. ಪ್ರಬಂಧ ಬಿಡಬೇಕೆ ಎಂಬ ಪ್ರಶ್ನೆ ಇನ್ನೂ ಮೇಜಿನ ಮೇಲಿದೆ.

ಆ ದಿನಗಳಲ್ಲೇ ಫಿಲಿಪೀನ್ಸಿನ ಇತಿಹಾಸ ಓದುತ್ತಿದ್ದೆ. ಅವರು 1898ರ ಜೂನ್ 12ರಂದು ಸ್ಪೇನಿನಿಂದ ಸ್ವತಂತ್ರರೆಂದು ಸಾರಿಕೊಂಡರು. ಅದೇ ವರ್ಷದ ಕೊನೆಗೆ ಸ್ಪೇನ್ ಅವರ ದ್ವೀಪಗಳನ್ನು ಎರಡು ಕೋಟಿ ಡಾಲರಿಗೆ ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಅಮೆರಿಕ ಬಿಡುಗಡೆ ಮಾಡಿದ್ದು 1946ರ ಜುಲೈ 4ರಂದು. ಹದಿನಾರು ವರ್ಷ ಆ ದಿನವನ್ನೇ ಆಚರಿಸಿ, 1962ರಲ್ಲಿ ಅಧ್ಯಕ್ಷ ಮಕಪಗಾಲ್ ಹಬ್ಬವನ್ನು ಜೂನ್ 12ಕ್ಕೆ ಬದಲಿಸಿದರು. ಕೊಟ್ಟ ಸ್ವಾತಂತ್ರ್ಯದ ದಿನ ಬೇಡ, ಕೇಳಿದ ದಿನ ಬೇಕು ಎಂದು. ಓದಿದಾಗ ನಮ್ಮ ಸೆಪ್ಟೆಂಬರ್ 17 ನೆನಪಾಯಿತು. ಹಳೆಯ ಹೈದರಾಬಾದ್ ಸಂಸ್ಥಾನ ಮೂರು ರಾಜ್ಯಗಳಿಗೆ ಹಂಚಿಹೋಗಿದೆ. ಆ ದಿನಕ್ಕೆ ಮಹಾರಾಷ್ಟ್ರದಲ್ಲಿ ಮರಾಠವಾಡಾ ಮುಕ್ತಿಸಂಗ್ರಾಮ ದಿನ ಎನ್ನುತ್ತಾರೆ. ತೆಲಂಗಾಣದಲ್ಲಿ ಸರ್ಕಾರ ಬದಲಾದಂತೆ ಹೆಸರೂ ಬದಲಾಗಿದೆ. ನಮ್ಮಲ್ಲಿ 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ. ಹೆಸರು ಬದಲಿಸುವುದು ಸರ್ಕಾರಕ್ಕೆ ಸುಲಭ. ಆ ದಿನ ಜನ ಕೇಳಿದ್ದೇನು ಎಂದು ನೆನಪಿಡುವುದು ಕಷ್ಟ, ಯಾಕೆಂದರೆ ಆ ಪಟ್ಟಿ ಇನ್ನೂ ಮುಗಿದಿಲ್ಲ.

ಕೇಳುವುದನ್ನು ಜನ ನಿಲ್ಲಿಸಿಲ್ಲ ಎಂಬುದೂ ನಿಜ. ಜಿಲ್ಲೆ ಬೇಕೆಂದು ಕೇಳಿದರು, 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಈ ನಾಲ್ಕು ತಾಲ್ಲೂಕುಗಳ ಕೊಪ್ಪಳ ಜಿಲ್ಲೆ ಆಯಿತು. ಆ ಕೊಪ್ಪಳದ ಮಗ್ಗುಲಲ್ಲೇ ದೊಡ್ಡ ಉಕ್ಕಿನ ಕಾರ್ಖಾನೆ ಬೇಡವೆಂದು 2025ರ ಫೆಬ್ರುವರಿ 24ರಂದು ಊರಿಗೆ ಊರೇ ಬೀದಿಗಿಳಿಯಿತು. ಗವಿಮಠದ ಸ್ವಾಮೀಜಿಯೂ ಜನರೊಡನೆ ನಿಂತರು. ಅಶೋಕನ ಆದೇಶ ಕೆತ್ತಿದ ಗುಡ್ಡದ ಬುಡದ ಜನ ಈ ಸಲ ಸರ್ಕಾರಕ್ಕೆ ತಾವೇ ಆದೇಶ ಹೇಳಿದರು, ಕನ್ನಡದಲ್ಲಿ. ಹಾಗೆಂದು ಎಲ್ಲರೂ ಒಂದೇ ಮಾತಿನವರಲ್ಲ. ಕಾರ್ಖಾನೆ ಬಂದರೆ ಮಗನಿಗೆ ಕೆಲಸ ಸಿಗುತ್ತದೆ ಎಂದು ಕಾಯುವ ತಂದೆಯರೂ ಇದ್ದಾರೆ. ಅವರ ಭರವಸೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

*

2025ರ ಮೇ 15ರಂದು ಕುಷ್ಟಗಿಯಿಂದ ಹುಬ್ಬಳ್ಳಿಗೆ ಮೊದಲ ರೈಲು ಹೊರಟಿತು. ಗದಗ-ವಾಡಿ ಮಾರ್ಗ ಎಂದು ನಮ್ಮ ಕಡೆಯವರು ಎಷ್ಟೋ ವರ್ಷದಿಂದ ಕೇಳುತ್ತ ಬಂದ ಹಳಿಯ ಒಂದು ತುಂಡು ಅದು. ನಿಜಾಮ ಹೋಗಿ 77ನೆಯ ವರ್ಷ ನಡೆಯುತ್ತಿತ್ತು. ಆ ವಾರ ಅಜ್ಜನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಯಲಬುರ್ಗಾ ನಿಲ್ದಾಣಕ್ಕೆ ಹೋದೆ. ರೈಲು ಹತ್ತಲು ಅಲ್ಲ, ಸುಮ್ಮನೆ ನೋಡಲು. ನಮ್ಮ ಹಾಗೆ ನೋಡಲು ಬಂದವರು ಇನ್ನೂ ಎಷ್ಟೋ ಜನ ಇದ್ದರು.

ರೈಲು ಬಂತು, ನಿಂತಿತು, ಹುಬ್ಬಳ್ಳಿಯ ಕಡೆ ಹೋಯಿತು. ಒಂದು ಕಾಲಕ್ಕೆ ಕರೋಡಗಿರಿ ನಾಕಾ ಇದ್ದ ದಿಕ್ಕಿಗೆ. ಅಜ್ಜ ಕೋಲು ಊರಿ ಕೊನೆಯ ಬೋಗಿ ಮರೆಯಾಗುವವರೆಗೂ ನಿಂತೇ ಇದ್ದರು. ಕಣ್ಣು ಒರೆಸಿಕೊಂಡರು. "ಬಂತ ನೋಡಪಾ, ಕಣ್ಣಿಲೆ ಕಂಡೆ" ಅಂದರು. ನಾನು ಮೊಬೈಲ್ ತೆಗೆದು ರೆಕಾರ್ಡ್ ಒತ್ತಿದೆ. ಪ್ರಬಂಧದ ಕೊನೆಯ ಪುಟಕ್ಕೆ ಇದೇ ಸರಿ ಅನ್ನಿಸಿತು.

ಅಷ್ಟರಲ್ಲಿ ಅಜ್ಜ ಇನ್ನೊಂದು ಕಡೆ, ಕುಷ್ಟಗಿಯ ದಿಕ್ಕಿಗೆ, ಕೋಲು ತೋರಿಸಿ ಕೇಳಿದರು: "ಅಲ್ಲ ತಮ್ಮಾ, ಇದು ವಾಡಿಗೆ ಮುಟ್ಟೋದು ಯಾವಾಗಂತ?"